ದೊರೆಯ ಕಣ್ಣಿಗೆಂದು ಕಟ್ಟಿದ ಹಡಗುಗಳು

1607ರ ನವೆಂಬರ್ ತಿಂಗಳಲ್ಲಿ ಫಿನಿಯಾಸ್ ಪೆಟ್ ಎಂಬ ಇಂಗ್ಲಿಷ್ ಹಡಗುಗಾರ ಲಂಡನ್ನಿನ ವೈಟ್‌ಹಾಲ್ ಅರಮನೆಗೆ ಒಂದು ಪುಟ್ಟ ಹಡಗನ್ನು ಹೊರಿಸಿಕೊಂಡು ಬಂದ. ಅದರ ಬಹುಪಾಲನ್ನು ತನ್ನ ಕೈಯಾರೆ ಮಾಡಿದ್ದ. ನೌಕಾಧಿಪತಿ ಚಾರ್ಲ್ಸ್ ಹೊವಾರ್ಡ್ ಅದನ್ನು ನೋಡಿ ಮೆಚ್ಚಿ ದೊರೆಗೆ ಸುದ್ದಿ ಮುಟ್ಟಿಸಿದ. ಒಂದನೆಯ ಜೇಮ್ಸ್ ಬಂದು ನೋಡಿದ, ಹಿಗ್ಗಿದ, ಅದೇನು ಇದೇನು ಎಂದು ಕೇಳುತ್ತ ಬಹಳ ಹೊತ್ತು ನಿಂತ. ದೊಡ್ಡ ಹಡಗನ್ನೂ ಇದರಂತೆಯೇ ಕಟ್ಟಬಲ್ಲೆಯಾ ಎಂದು ವಿಚಾರಿಸಿ, ಕಟ್ಟಿ ಮುಗಿಸಿದ ದಿನ ಎರಡನ್ನೂ ಹೋಲಿಸಿ ನೋಡುತ್ತೇನೆ ಎಂದೂ ಎಚ್ಚರಿಸಿದ. ಪೆಟ್ ತನ್ನ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಉಬ್ಬಿಕೊಂಡೇ ಬರೆದಿದ್ದಾನೆ. ಉಬ್ಬುವುದಕ್ಕೆ ಕಾರಣವೂ ಇತ್ತು. ಆ ಭೇಟಿಯಿಂದಲೇ ಅವನಿಗೆ ‘ಪ್ರಿನ್ಸ್ ರಾಯಲ್’ ಕಟ್ಟುವ ಕೆಲಸ ಸಿಕ್ಕಿತು. ಅಂದಿನ ಇಂಗ್ಲೆಂಡಿನಲ್ಲಿ ಅದಕ್ಕಿಂತ ದೊಡ್ಡ ಯುದ್ಧನೌಕೆ ಇರಲಿಲ್ಲ.

ಮುಂದಿನದು ಅಷ್ಟು ಸುಸೂತ್ರವಾಗಿ ನಡೆಯಲಿಲ್ಲ. ಪೆಟ್ ಹಸಿಮರವನ್ನೂ ಕೆಟ್ಟ ಮರವನ್ನೂ ಬಳಸುತ್ತಿದ್ದಾನೆ ಎಂದು ಅವನ ಪ್ರತಿಸ್ಪರ್ಧಿಗಳು ದೂರು ಕೊಟ್ಟರು. 1609ರಲ್ಲಿ ದೊರೆ ತಾನೇ ಹಡಗು ತಯಾರಾಗುತ್ತಿದ್ದ ವುಲ್ವಿಚ್‌ಗೆ ಬಂದು ವಿಚಾರಣೆಗೆ ಕುಳಿತ. ಪೆಟ್ ಅದರಿಂದ ಪಾರಾದ. 1610ರ ಸೆಪ್ಟೆಂಬರಿನಲ್ಲಿ ಅರಸನ ಪರಿವಾರವೆಲ್ಲ ನೆರೆದಿರುವಾಗ ಹಡಗನ್ನು ನೀರಿಗಿಳಿಸಲು ಹೊರಟರೆ ಅದು ಹಡಗುಕಟ್ಟೆಯ ಬಾಗಿಲಿನಲ್ಲೇ ಸಿಕ್ಕಿಕೊಂಡಿತು. ಬಾಗಿಲಿಗಿಂತ ಹಡಗಿನ ಅಗಲವೇ ಹೆಚ್ಚಾಗಿತ್ತು! ಮುಂದಿನ ಭರತಕ್ಕೆ ಕಾದು, ರಾತ್ರಿಯಲ್ಲಿ ಅದನ್ನು ಹೊರಗೆ ತರಬೇಕಾಯಿತು. ಮರ ಹಸಿಯೋ ಒಣಗಿದ್ದೋ ಎಂಬುದಾಗಲಿ, ಕಟ್ಟೆಯ ಬಾಗಿಲ ಅಳತೆಯಾಗಲಿ ಅರಮನೆಗೆ ಬಂದ ಪುಟ್ಟ ಹಡಗಿನಲ್ಲಿ ಕಾಣುವಂತಿರಲಿಲ್ಲ. ದೊರೆಗೆ ಕಾಣಬೇಕಾದದ್ದು ಮಾತ್ರ ಅದರಲ್ಲಿ ಚೆನ್ನಾಗಿ ಕಂಡಿತ್ತು.

ಹಾಯಿಹಡಗಿನ ಮಾದರಿ ಎಂದರೆ ಈಗ ನೆನಪಾಗುವುದು ಗಾಜಿನ ಪೆಟ್ಟಿಗೆಯೊಳಗಿನ ಶೋಕಿಯ ವಸ್ತು ಅಥವಾ ನಿವೃತ್ತರ ಹವ್ಯಾಸ. ಯುರೋಪಿನ ನೌಕಾಪಡೆಗಳಲ್ಲಿ ಸುಮಾರು ಎರಡು ಶತಮಾನ ಅದು ಮರದಲ್ಲಿ ಕೆತ್ತಿದ ಅರ್ಜಿಯಾಗಿತ್ತು. ಅರ್ಜಿ ಹಣ ಕೊಡುವವನ ಕಣ್ಣಿಗೆ ಬೀಳಬೇಕು, ಅವನ ಅನುಮಾನಗಳನ್ನು ಕಳೆಯಬೇಕು. ಹೀಗಾಗಿ ಯಾವುದನ್ನು ಕೂದಲೆಳೆಯ ನಿಖರತೆಯಲ್ಲಿ ತೋರಿಸಬೇಕು, ಯಾವುದನ್ನು ಜಾರಿಸಿಬಿಡಬೇಕು ಎಂಬುದು ನೋಡುವವನು ಯಾರು ಎಂಬುದರ ಮೇಲೆ ನಿಂತಿತ್ತು.

ಪೆಟ್ ಮಾಡಿದ ಆ ಮಾದರಿ ಉಳಿದಿಲ್ಲ. ಆದರೆ ಹದಿನೇಳನೆಯ ಶತಮಾನದ ನಡುವಿನಿಂದ ಇಂಗ್ಲೆಂಡಿನಲ್ಲಿ ಬೆಳೆದ ಒಂದು ಶೈಲಿಯ ಮಾದರಿಗಳು ಸಾಕಷ್ಟು ಸಂಖ್ಯೆಯಲ್ಲಿ ಉಳಿದಿವೆ. ನೌಕಾಪಡೆಯ ಆಡಳಿತ ನೋಡಿಕೊಳ್ಳುತ್ತಿದ್ದ ನೇವಿ ಬೋರ್ಡಿನ ಹೆಸರಿನಿಂದಲೇ ಅವನ್ನು ಗುರುತಿಸುತ್ತಾರೆ. ಒಮ್ಮೆ ನೋಡಿದವರು ಮರೆಯುವಂಥವಲ್ಲ. ನೀರಿನ ಮಟ್ಟದ ಮೇಲಿನ ಭಾಗಕ್ಕೆ ಹಲಗೆ ಹೊದಿಸಿ, ಕೆತ್ತನೆ ಮಾಡಿ, ಚಿನ್ನದ ಲೇಪ ಕೊಟ್ಟಿರುತ್ತಾರೆ. ಕೆಳಗಿನ ಒಡಲಿಗೆ ಹಲಗೆಯೇ ಇಲ್ಲ. ಬಾಗಿದ ಪಕ್ಕೆಗಳು ಒಂದರ ಪಕ್ಕ ಒಂದು, ನಡುವೆ ಸಮನಾದ ಕಿಂಡಿ ಬಿಟ್ಟುಕೊಂಡು ಸಾಲಾಗಿ ನಿಂತಿರುತ್ತವೆ. ಹೆಚ್ಚಿನವುಗಳಿಗೆ ಕಂಬವಿಲ್ಲ, ಹಾಯಿಯಿಲ್ಲ, ಹಗ್ಗವಿಲ್ಲ.

ಇದನ್ನು ನೋಡಿದವರಿಗೆ ನಿಜವಾದ ಹಡಗಿನ ಅಸ್ಥಿಪಂಜರವೂ ಹೀಗೇ ಇತ್ತು ಅನ್ನಿಸುತ್ತದೆ. ಹಾಗಿರಲಿಲ್ಲ. ನಿಜವಾದ ಯುದ್ಧನೌಕೆಯಲ್ಲಿ ಪಕ್ಕೆಗಳು ಒಂದಕ್ಕೊಂದು ಒತ್ತಿಕೊಂಡು ಹೆಚ್ಚುಕಡಿಮೆ ಗೋಡೆಯಂತೆ ನಿಲ್ಲುತ್ತಿದ್ದವು. ಗುಂಡು ತಡೆಯಬೇಕಾದ ಒಡಲಿಗೆ ಅಷ್ಟಾದರೂ ದಪ್ಪ ಬೇಕಲ್ಲ. ಮಾದರಿಯಲ್ಲಿನ ಕಿಂಡಿಗಳ ಆ ಲಯ ಮಾದರಿಗಾರರೇ ಕಂಡುಕೊಂಡ ಸೊಗಸು. ಹಡಗಿನ ಒಡಲು ಮುಂಭಾಗದಿಂದ ಹಿಂಭಾಗದವರೆಗೆ ಹೇಗೆ ತುಂಬಿಕೊಳ್ಳುತ್ತದೆ, ಎಲ್ಲಿ ಸಪೂರವಾಗುತ್ತದೆ ಎಂಬುದು ಅದರಿಂದ ತಿಳಿಯದವನಿಗೂ ತಿಳಿಯುತ್ತದೆ. ನೋಡುವ ಅಧಿಕಾರಿ ತಾನು ಹಡಗಿನ ಒಳಗುಟ್ಟನ್ನೇ ಕಂಡೆ ಎಂದುಕೊಂಡು ಎದ್ದು ಹೋಗುತ್ತಾನೆ. ಈ ಚಾತುರ್ಯಕ್ಕೆ ತಲೆದೂಗಲೇಬೇಕು.

ಅಳತೆಯ ವಿಷಯದಲ್ಲಿ ಮಾತ್ರ ಇಂಥ ಸಲಿಗೆಯಿರಲಿಲ್ಲ. ಸಾಮಾನ್ಯವಾಗಿ ಒಂದು ಅಡಿಗೆ ಕಾಲು ಇಂಚು, ಅಂದರೆ 48ರಲ್ಲಿ 1 ಪಾಲು. 186 ಅಡಿ ಉದ್ದದ ಕೆಳ ಫಿರಂಗಿ ಡೆಕ್ ಇದ್ದ ಬ್ರಿಟಿಷ್ ಯುದ್ಧನೌಕೆ ‘ವಿಕ್ಟರಿ’ ಈ ಲೆಕ್ಕದಲ್ಲಿ ನಾಲ್ಕು ಅಡಿಯೊಳಗೆ, 46.5 ಇಂಚಿಗೆ ಇಳಿಯುತ್ತದೆ. ಆರಡಿಯ ಆಳು ಒಂದೂವರೆ ಇಂಚಿನವನಾಗುತ್ತಾನೆ. ಈ ಗಾತ್ರದಲ್ಲಿ ಮರದ ನಾರು ದೊಡ್ಡದಾಗಿ ಎದ್ದು ಕಂಡರೆ ಇಡೀ ಭ್ರಮೆ ಹಾಳಾಗುತ್ತದೆ. ಓಕ್ ಹಡಗಿನ ಮಾದರಿಯನ್ನು ಓಕ್‌ನಲ್ಲಿ ಮಾಡದೆ, ನಾರು ಕಣ್ಣಿಗೆ ಬೀಳದ ಪೇರು ಹಣ್ಣಿನ ಮರವನ್ನೂ ಬಾಕ್ಸ್‌ವುಡ್ಡನ್ನೂ ಹುಡುಕಿಕೊಂಡು ಹೋದದ್ದು ಇದಕ್ಕೇ. ಪೇರಿನ ಮರ ಒಡಲಿಗೆ, ಅದಕ್ಕಿಂತ ಗಟ್ಟಿಯಾದ ಬಾಕ್ಸ್‌ವುಡ್ ಕೆತ್ತನೆಗೆ. ಹಿಂಬದಿಯ ಕಿಟಕಿಗಳಿಗೆ ಅಭ್ರಕದ ತೆಳು ಹಾಳೆ. ಹಡಗಿನ ಮೂತಿಯ ಬೊಂಬೆಗೆ ಉಗುರಿನಷ್ಟು ಮುಖ, ಆ ಮುಖದಲ್ಲಿ ಕಣ್ಣು, ತುಟಿ, ಕಿರೀಟ.

1660ರಲ್ಲಿ ನೇವಿ ಬೋರ್ಡಿನ ಕಾರ್ಯದರ್ಶಿ ಹುದ್ದೆಗೆ ಬಂದ ಸ್ಯಾಮ್ಯುಯೆಲ್ ಪೀಪ್ಸ್‌ನನ್ನು ಇಲ್ಲಿ ಬಿಡುವಂತಿಲ್ಲ. ದಿನಚರಿಯಿಂದ ಹೆಸರಾದ ಈ ಮನುಷ್ಯ ಕೆಲಸಕ್ಕೆ ಸೇರಿದಾಗ ಹಡಗಿನ ಬಗ್ಗೆ ಏನೂ ತಿಳಿದವನಲ್ಲ. ಮರದ ವ್ಯಾಪಾರಿಗಳೂ ಕಟ್ಟೆಯ ಮೇಸ್ತ್ರಿಗಳೂ ತನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂಬ ಅನುಮಾನ ಬಂದ ಮೇಲೆ 1662ರ ಬೇಸಿಗೆಯಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಅವನು ಪಾಠಕ್ಕೆ ಕುಳಿತ. ‘ರಾಯಲ್ ಚಾರ್ಲ್ಸ್’ ಹಡಗಿನ ಕೂಪರ್ ಎಂಬ ನಾವಿಕ ಗುರುವಾದ. ಕೇಂಬ್ರಿಜ್‌ನಲ್ಲಿ ಓದಿ ಬಂದಿದ್ದರೂ ಪೀಪ್ಸ್‌ಗೆ ಮಗ್ಗಿ ಬರುತ್ತಿರಲಿಲ್ಲ, ಮೊದಲ ಪಾಠವೇ ಮಗ್ಗಿ. ಆಮೇಲೆ ಕಚೇರಿಯಲ್ಲಿದ್ದ ಹಡಗಿನ ಮಾದರಿಯನ್ನು ಮುಂದಿಟ್ಟುಕೊಂಡು ಯಾವ ಮರದ ತುಂಡಿಗೆ ಏನು ಹೆಸರು, ಅದು ಯಾಕೆ ಬೇಕು ಎಂಬುದನ್ನು ಕಲಿತ. ಅದೇ ಆಗಸ್ಟಿನಲ್ಲಿ ಹಡಗುಗಾರ ಆಂಥೊನಿ ಡೀನ್‌ನಿಂದ ಮರದ ಅಳತೆಯಲ್ಲಿ ಸರ್ಕಾರಕ್ಕೆ ಆಗುತ್ತಿದ್ದ ಮೋಸಗಳ ಪರಿಚಯವಾಯಿತು. ಇಂಥ ಶಿಷ್ಯರು ಮಾದರಿಗಾರರಿಗೆ ಹೆಚ್ಚು ಸಿಕ್ಕಿರಲಾರರು. ಮಾದರಿಯನ್ನು ನೋಡಿ ಮರುಳಾಗುವ ಬದಲು ಅದನ್ನೇ ಹಿಡಿದು ಕಟ್ಟುವವರನ್ನು ಪ್ರಶ್ನಿಸಲು ಹೊರಟವನು ಪೀಪ್ಸ್.

ಕಟ್ಟುವವರಿಗೆ ಮಾದರಿ ಬೇಕಿತ್ತೇ? ಈ ಹೊಳೆಯುವ ಮಾದರಿಗಳನ್ನು ನೋಡಿ ಹಡಗು ಕಟ್ಟುತ್ತಿದ್ದರು ಎಂಬ ಕಲ್ಪನೆ ಇನ್ನೂ ಇದೆ. ಆದರೆ ಕಟ್ಟೆಯ ಬಡಗಿಗೆ ಬೇಕಾದದ್ದು ನಕ್ಷೆ. ಕಾಗದದ ಮೇಲಿನ ಗೆರೆಗಳನ್ನು ಒಂದು ವಿಶಾಲ ಅಟ್ಟದ ನೆಲದ ಮೇಲೆ ಹಡಗಿನ ಪೂರ್ಣ ಅಳತೆಯಲ್ಲಿ ಎಳೆದು, ಆ ಗೆರೆಗೆ ತಕ್ಕಂತೆ ತೆಳು ಹಲಗೆಯ ಅಚ್ಚು ಕತ್ತರಿಸಿ, ಅಚ್ಚಿಗೆ ಹೊಂದುವ ಬಾಗಿದ ಮರವನ್ನು ಹುಡುಕುತ್ತಿದ್ದರು.

ನಕ್ಷೆ ಸಮುದ್ರ ದಾಟಿ ಹೋಗಬಲ್ಲದು ಎಂಬುದಕ್ಕೆ ಮುಂಬೈಯೇ ಸಾಕ್ಷಿ. ಅಲ್ಲಿನ ಡಾಕ್‌ಯಾರ್ಡಿನಲ್ಲಿ ಪಾರ್ಸಿಗಳ ವಾಡಿಯಾ ಮನೆತನ ಬ್ರಿಟಿಷರಿಗಾಗಿ ತೇಗದ ಹಡಗುಗಳನ್ನು ಕಟ್ಟುತ್ತಿತ್ತು. ಆ ತೇಗ ಬರುತ್ತಿದ್ದುದು ಮಲಬಾರಿನಿಂದ ಮತ್ತು ನಮ್ಮ ಕೆನರಾ ಕರಾವಳಿಯ ಬೆನ್ನಿಗಿರುವ ಘಟ್ಟದ ಕಾಡುಗಳಿಂದ. ಲಂಡನ್ನಿನಿಂದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆಯ ನಕ್ಷೆಗಳನ್ನು 1812ರಲ್ಲಿ ‘ಜಾವಾ’ ಹಡಗಿನಲ್ಲಿ ಮುಂಬೈಗೆ ಕಳಿಸಿದರು. ಅವು ಬಂದು ಮುಟ್ಟಲಿಲ್ಲ. ಡಿಸೆಂಬರ್ 29ರಂದು ಬ್ರೆಜಿಲ್ ತೀರದಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಎದುರಾಗಿ ‘ಜಾವಾ’ವನ್ನು ಸೋಲಿಸಿ ಸುಟ್ಟುಹಾಕಿತು. ಇನ್ನೊಂದು ಪ್ರತಿ ತರಿಸಿಕೊಂಡು ಜಮ್‌ಷೇಟ್‌ಜಿ ಬೊಮನ್‌ಜಿ ವಾಡಿಯಾ 1816ರಲ್ಲಿ ಕೆಲಸ ಆರಂಭಿಸಿದ. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ತೇಗದ ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನೀರಿನ ಮೇಲೆ ತೇಲುತ್ತಿದೆ. ಲಂಡನ್ನಿನಲ್ಲಿ ಕುಳಿತವರನ್ನು ಮರುಳು ಮಾಡುವ ಅಗತ್ಯ ವಾಡಿಯಾನಿಗೆ ಇರಲಿಲ್ಲ. ಅವನ ಕೆಲಸಕ್ಕೆ ಕಾಗದದ ಸುರುಳಿ ಸಾಕಾಯಿತು.

ಅತ್ತ ‘ಜಾವಾ’ವನ್ನು ಸುಟ್ಟ ಹಡಗಿನ ಕಥೆ ಬೇರೆ. ‘ಕಾನ್‌ಸ್ಟಿಟ್ಯೂಷನ್’ನ ಹಿಂದಿನ ಕಪ್ತಾನ ಐಸಾಕ್ ಹಲ್ ಅದರ ಒಂದು ಮಾದರಿಯನ್ನು ಅಮೆರಿಕದ ಸೇಲಂ ಪಟ್ಟಣದ ಈಸ್ಟ್ ಇಂಡಿಯಾ ಮೆರೀನ್ ಸೊಸೈಟಿಗೆ 1813ರಲ್ಲಿ ಕೊಟ್ಟ. ಗೆಲುವಿನ ನೆನಪಿಗೆ ಕೊಟ್ಟದ್ದು, ಬೇರೆ ಉದ್ದೇಶವೇನೂ ಇದ್ದಂತಿಲ್ಲ. ನಿಜವಾದ ಹಡಗು ಮತ್ತೆ ಮತ್ತೆ ದುರಸ್ತಿಗೊಂಡು, ಹಲಗೆ ಬದಲಾಯಿಸಿಕೊಂಡು, ಮೊದಲು ಹೇಗಿತ್ತು ಎಂಬುದೇ ಮಸುಕಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ರೂಪವನ್ನು ಮರಳಿ ತರಲು ಹೊರಟವರು ಈ ಮಾದರಿಯ ಮುಂದೆ ಬಂದು ನಿಂತರು. ‘ವಿಕ್ಟರಿ’ಯದೂ ಇದೇ ಪಾಡು. ಈಗ ಪೋರ್ಟ್ಸ್‌ಮತ್‌ನಲ್ಲಿ ಪ್ರವಾಸಿಗರು ಹತ್ತಿ ಇಳಿಯುವುದು 1800ರಿಂದ 1803ರವರೆಗೆ ನಡೆದ ದೊಡ್ಡ ದುರಸ್ತಿಯ ನಂತರದ ರೂಪ. ಆಗ ಹಿಂಬದಿಯ ತೆರೆದ ಮೊಗಸಾಲೆಗಳನ್ನು ಮುಚ್ಚಿದರು, ಮೂತಿಯ ಅದ್ದೂರಿ ಬೊಂಬೆಯನ್ನು ತೆಗೆದು ಸಾದಾ ಲಾಂಛನ ಇಟ್ಟರು. 1765ರಲ್ಲಿ ನೀರಿಗಿಳಿದ ‘ವಿಕ್ಟರಿ’ಯನ್ನು ನೋಡಬೇಕಾದರೆ ಗ್ರೀನಿಚ್‌ನ ಸಂಗ್ರಹದ ಮಾದರಿಗೇ ಹೋಗಬೇಕು.

ಅರ್ಜಿಯಾಗಿ ಬಳಕೆಯಾದ ಮಾದರಿಗಳಲ್ಲಿ ಅತ್ಯಂತ ಕುತೂಹಲದ್ದು ‘ಬೆಲೋನಾ’. ‘ವಿಕ್ಟರಿ’ಯನ್ನು ರೂಪಿಸಿದ ಥಾಮಸ್ ಸ್ಲೇಡ್‌ನದೇ ವಿನ್ಯಾಸ, 74 ಫಿರಂಗಿಗಳ ಹಡಗು, 1760ರಲ್ಲಿ ಚ್ಯಾಟಂನಲ್ಲಿ ನೀರಿಗಿಳಿದದ್ದು. ಅದರ ಒಂದು ಮಾದರಿಯ ಕೆಳಗಿನ ಒಡಲಿಗೆಲ್ಲ ಪುಟ್ಟ ಪುಟ್ಟ ತಾಮ್ರದ ತಗಡು ಹೊದಿಸಿದೆ. ಮರದ ಹಡಗಿಗೆ ಆಗ ಎರಡು ಪೀಡೆಗಳು. ಉಷ್ಣವಲಯದ ಕಡಲಿನ ಹುಳ ಮರವನ್ನು ಕೊರೆದು ಜರಡಿ ಮಾಡುತ್ತಿತ್ತು, ಪಾಚಿ ಮತ್ತು ಚಿಪ್ಪುಜೀವಿಗಳು ಅಂಟಿಕೊಂಡು ವೇಗ ಕುಗ್ಗಿಸುತ್ತಿದ್ದವು. ತಾಮ್ರ ಹೊದಿಸಿದರೆ ಎರಡೂ ದೂರ. ಆದರೆ ಇಡೀ ಪಡೆಗೆ ಹೊದಿಸುವ ಖರ್ಚು ಭಾರಿ. 1778ರಲ್ಲಿ ನೇವಿ ಬೋರ್ಡಿನ ಮುಖ್ಯಸ್ಥನಾದ ಚಾರ್ಲ್ಸ್ ಮಿಡ್ಲ್‌ಟನ್ ದೊರೆ ಮೂರನೆಯ ಜಾರ್ಜ್‌ನನ್ನು ಒಪ್ಪಿಸಲು ಈ ಮಾದರಿಯನ್ನೇ ಬಳಸಿದ ಎಂಬುದು ಬಲ್ಲವರ ನಂಬಿಕೆ. ದೊರೆ ಒಪ್ಪಿದ. ಅಮೆರಿಕ, ಫ್ರಾನ್ಸ್, ಸ್ಪೇನ್ ಮೂರರ ಜೊತೆಗೂ ಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ಬ್ರಿಟಿಷ್ ಹಡಗುಗಳು ಒಂದರ ಹಿಂದೊಂದು ತಾಮ್ರದ ತಳ ಪಡೆದವು.

ಮಾದರಿ ತೋರಿಸದೆ ಉಳಿದದ್ದು ಮೊಳೆ. ಒಡಲನ್ನು ಬಿಗಿದಿದ್ದ ದೊಡ್ಡ ಕೀಲುಗಳು ಕಬ್ಬಿಣದವು. ಉಪ್ಪುನೀರಿನಲ್ಲಿ ತಾಮ್ರವೂ ಕಬ್ಬಿಣವೂ ಒಂದಕ್ಕೊಂದು ತಾಗಿದರೆ ಕಬ್ಬಿಣ ಕರಗಿಹೋಗುತ್ತದೆ. ಈ ತೊಂದರೆ ಗೊತ್ತಿಲ್ಲದ್ದೇನಲ್ಲ. 1761ರಲ್ಲಿ ಪ್ರಯೋಗಕ್ಕೆಂದು ‘ಅಲಾರ್ಮ್’ ಎಂಬ ಹಡಗಿಗೆ ತಾಮ್ರ ಹೊದಿಸಿದ್ದರು. ವೆಸ್ಟ್ ಇಂಡೀಸ್‌ಗೆ ಹೋಗಿ ಬಂದ ಮೇಲೆ ಬಿಚ್ಚಿ ನೋಡಿದರೆ ಕಬ್ಬಿಣ ಅಲ್ಲಲ್ಲಿ ಹಿಟ್ಟಾಗಿತ್ತು. ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದವನ್ನು ಕೆಲಸಗಾರರು ಕೀಳದೆ ಬಿಟ್ಟ ಕಡೆಗಳಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಸರಿ, ನಡುವೆ ಕಾಗದ ಹಾಕಿ ಲೇಪ ಬಳಿದರಾಯಿತು ಎಂದು ಮಿಡ್ಲ್‌ಟನ್ ನಂಬಿದ. ಅದು ಬಹಳ ಕಾಲ ತಾಳಲಿಲ್ಲ. 1780ರ ದಶಕದಲ್ಲಿ ತಾಮ್ರದ ಮಿಶ್ರಲೋಹದ ಕೀಲುಗಳು ಬರುವವರೆಗೆ ಒಳಗೊಳಗೇ ಸಡಿಲವಾದ ಹಡಗುಗಳಲ್ಲೇ ನಾವಿಕರು ಕಡಲಿಗಿಳಿಯಬೇಕಾಯಿತು. ಮಾದರಿಯ ತಾಮ್ರ ಮಾತ್ರ ಇವತ್ತಿಗೂ ಅಚ್ಚುಕಟ್ಟಾಗಿದೆ.

ಎಲ್ಲ ಮಾದರಿಗಳೂ ಹಣ ಕೇಳುತ್ತಿರಲಿಲ್ಲ. ಸ್ಪೇನಿನ ಕ್ಯಾಟಲೋನಿಯಾದ ಮಟಾರೊ ಪಟ್ಟಣದ ಒಂದು ಪ್ರಾರ್ಥನಾಮಂದಿರದಲ್ಲಿ ಹದಿನೈದನೆಯ ಶತಮಾನದ ಒಂದು ಹರಕೆಯ ಹಡಗಿತ್ತು, ಈಗ ರೋಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿದೆ. ದೇವರಿಗೆ ಒಪ್ಪಿಸಿದ್ದರಿಂದಲೋ ಏನೋ, ಒಳಗಿನ ಕಟ್ಟುವಿಕೆಯನ್ನೂ ಮಾಡಿದವನು ಪ್ರಾಮಾಣಿಕವಾಗಿ ಮಾಡಿದ್ದಾನೆ. ಕೊಲಂಬಸ್ ಕಾಲದ ಹಡಗುಗಳು ಹೇಗಿದ್ದಿರಬಹುದು ಎಂದು ಊಹಿಸುವವರೆಲ್ಲ ಅದರ ಮೊರೆ ಹೋಗುತ್ತಾರೆ. ಫ್ರಾನ್ಸಿನಲ್ಲಿ ದುಹಾಮೆಲ್ ದು ಮೊನ್ಸೊ ಎಂಬ ವಿಜ್ಞಾನಿ ತನ್ನ ಮಾದರಿಗಳ ಸಂಗ್ರಹವನ್ನು 1748ರಲ್ಲಿ ಹದಿನೈದನೆಯ ಲೂಯಿಗೆ ಕೊಟ್ಟ. ಅವನ್ನು ಲೂವ್ರ್ ಅರಮನೆಯಲ್ಲಿಟ್ಟು ಹಡಗು ಎಂಜಿನಿಯರುಗಳಾಗುವ ಹುಡುಗರಿಗೆ ಪಾಠ ಹೇಳಬೇಕು ಎಂಬುದು ಅವನ ಆಸೆ. ಪ್ಯಾರಿಸ್ಸಿನ ನೌಕಾ ವಸ್ತುಸಂಗ್ರಹಾಲಯದ ಬೇರು ಅಲ್ಲಿದೆ.

ಹೊಟ್ಟೆಪಾಡಿಗೆ ಮಾದರಿ ಮಾಡಿದವರೂ ಇದ್ದರು. ಇಂಗ್ಲೆಂಡಿನ ಪೀಟರ್‌ಬರೋ ಬಳಿಯ ನಾರ್ಮನ್ ಕ್ರಾಸ್‌ನಲ್ಲಿ 1797ರಲ್ಲಿ ಒಂದು ಬಂದಿಖಾನೆ ತೆರೆಯಿತು. ಯುದ್ಧಕೈದಿಗಳಿಗೆಂದೇ ಕಟ್ಟಿದ ಮೊದಲ ಶಿಬಿರ ಎಂದು ಅದನ್ನು ಗುರುತಿಸುತ್ತಾರೆ. ಫ್ರೆಂಚ್ ಯುದ್ಧಗಳಲ್ಲಿ ಸೆರೆಸಿಕ್ಕ ಸಾವಿರಾರು ನಾವಿಕರೂ ಸೈನಿಕರೂ ಮರದ ಬ್ಯಾರಕ್ಕುಗಳಲ್ಲಿ ವರ್ಷಗಟ್ಟಲೆ ಕೊಳೆತರು. 1800–01ರ ಸಾಂಕ್ರಾಮಿಕವೊಂದೇ ಸುಮಾರು ಸಾವಿರ ಜನರನ್ನು ಕೊಂದಿತು. ಮಾಡಲು ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ. ಆದರೆ ಊಟಕ್ಕೆ ಬರುವ ಮಾಂಸದ ಜೊತೆ ಮೂಳೆ ಬರುತ್ತಿತ್ತು, ಕೈದಿಗಳಲ್ಲಿ ಬಡಗಿಗಳಿದ್ದರು, ಕೆತ್ತನೆ ಬಲ್ಲವರಿದ್ದರು.

ದನದ, ಕುರಿಯ ಮೂಳೆಯನ್ನು ಕುದಿಸಿ, ಬಿಳಿಚಿಸಿ, ತೆಳು ಪಟ್ಟಿಗಳಾಗಿ ಸೀಳಿ, ಮರದ ತಿರುಳಿನ ಮೇಲೆ ಹಿತ್ತಾಳೆಯ ಸೂಜಿಮೊಳೆಗಳಿಂದ ಹಲಗೆಯಂತೆ ಜೋಡಿಸಿದರು. ಹಗ್ಗಕ್ಕೆ ರೇಷ್ಮೆ ಎಳೆ, ಕುದುರೆಯ ಕೂದಲು, ಕೆಲವಕ್ಕೆ ತಮ್ಮದೇ ತಲೆಗೂದಲು. ಫಿರಂಗಿ ಕಡೆಯುವವನೊಬ್ಬ, ಹಗ್ಗ ಕಟ್ಟುವವನೊಬ್ಬ ಎಂದು ಕೆಲಸ ಹಂಚಿಕೊಂಡೂ ಮಾಡಿದರು. ಶಿಬಿರದ ಬಾಗಿಲಲ್ಲಿ ಸಂತೆ ನಡೆಯುತ್ತಿತ್ತು, ಸುತ್ತಲಿನವರು ಬಂದು ಕೊಳ್ಳುತ್ತಿದ್ದರು. ಹುಲ್ಲಿನ ಜಡೆ ಹೆಣೆದು ಮಾರುವುದನ್ನು ಸರ್ಕಾರ ನಿಷೇಧಿಸಿತು, ಸ್ಥಳೀಯ ಹೆಂಗಸರ ಟೋಪಿ ಹುಲ್ಲಿನ ದುಡಿಮೆಗೆ ಅದರಿಂದ ಪೆಟ್ಟು ಬೀಳುತ್ತಿತ್ತು. ಹಡಗಿಗೆ ಅಂಥ ಅಡ್ಡಿಯಿರಲಿಲ್ಲ. ಮೂಳೆಯ ಹಡಗು ಮಾಡುವ ಇಂಗ್ಲಿಷರೇ ಅಲ್ಲಿರಲಿಲ್ಲವಲ್ಲ.

ನೇವಿ ಬೋರ್ಡಿನ ಮಾದರಿಗಳ ಪಕ್ಕ ಇಟ್ಟರೆ ಇವುಗಳ ಅಳತೆ ನಗೆಪಾಟಲು. ನಕ್ಷೆಯಿಲ್ಲದೆ ನೆನಪಿನಿಂದ ಮಾಡಿದವು. ಕಂಬಗಳು ಅತಿ ಎತ್ತರ, ಫಿರಂಗಿಗಳು ಬೇಕಾದ್ದಕ್ಕಿಂತ ದಪ್ಪ, ಹೆಸರಿಗೂ ರೂಪಕ್ಕೂ ತಾಳೆಯಿಲ್ಲ. ಕೊಳ್ಳುವ ಜಮೀನ್ದಾರನೋ ವ್ಯಾಪಾರಿಯೋ ಅಂಥ ಹಡಗನ್ನು ಹತ್ತಿದವನಲ್ಲ, ಅವನಿಗೆ ಅಳತೆ ಯಾಕೆ? ಬೇಕಾದದ್ದು ಬೆರಗು. ಅದನ್ನು ಕೈದಿಗಳು ಧಾರಾಳವಾಗಿ ಕೊಟ್ಟರು. ಕೆಲವು ಹಡಗುಗಳ ಬುಡದಲ್ಲಿ ದಾರಗಳಿವೆ. ಎಳೆದರೆ ಫಿರಂಗಿಗಳೆಲ್ಲ ಒಟ್ಟಿಗೆ ಒಳಗೆ ಸರಿಯುತ್ತವೆ, ಬಿಟ್ಟರೆ ಸ್ಪ್ರಿಂಗಿನ ಬಲದಿಂದ ಮೂತಿ ಹೊರಚಾಚುತ್ತವೆ. ಇಂಥ ಚಮತ್ಕಾರ ಅರಮನೆಯ ಮಾದರಿಗಳಿಗೆ ತಿಳಿಯದು. 1814ರಲ್ಲಿ ಶಿಬಿರ ಖಾಲಿಯಾಯಿತು. ಅಲ್ಲಿನ ಕೈಕೆಲಸದ ದೊಡ್ಡ ಸಂಗ್ರಹ ಪೀಟರ್‌ಬರೋ ಮ್ಯೂಸಿಯಮ್ಮಿನಲ್ಲಿದೆ.

ಬೋರ್ಡಿನ ಮಾದರಿಗಳ ಮುಂದಿನ ದಾರಿ ವಿಚಿತ್ರವಾದದ್ದು. ಸರ್ಕಾರಿ ಹಣದಲ್ಲಿ ತಯಾರಾದವು ಅಧಿಕಾರಿಗಳ ಮನೆ ಸೇರುವುದು ಆಗ ಯಾರಿಗೂ ತಪ್ಪೆನಿಸುತ್ತಿರಲಿಲ್ಲ. ಪೀಪ್ಸ್‌ನ ಹುದ್ದೆಗೆ ಮುಂದೆ ಬಂದು 1719ರವರೆಗೆ ಇದ್ದ ಚಾರ್ಲ್ಸ್ ಸರ್ಜಿಸನ್ ತನ್ನ ಸಂಗ್ರಹವನ್ನು ಸಸೆಕ್ಸ್‌ನ ಕಕ್‌ಫೀಲ್ಡಿನ ಮನೆಯಲ್ಲಿಟ್ಟ. ಎರಡು ಶತಮಾನ ಅದು ಅಲ್ಲೇ ಇತ್ತು. 1920ರ ದಶಕದಲ್ಲಿ ಅಮೆರಿಕದ ಎಣ್ಣೆ ಸಾಹುಕಾರರ ಮನೆತನದ ಹೆನ್ರಿ ಹಡಲ್‌ಸ್ಟನ್ ರಾಜರ್ಸ್ ಅದನ್ನು ಕೊಂಡುಕೊಂಡು ಅಟ್ಲಾಂಟಿಕ್ ದಾಟಿಸಿದರು. 1935ರಲ್ಲಿ ಅವರು ತೀರಿಕೊಂಡಾಗ 108 ಮಾದರಿಗಳ ಅವರ ಸಂಗ್ರಹ ಉಯಿಲಿನ ಪ್ರಕಾರ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನ ನೌಕಾ ಅಕಾಡೆಮಿಗೆ ಸೇರಿತು. ಬ್ರಿಟಿಷ್ ನೌಕಾಪಡೆಯ ಹದಿನೇಳನೆಯ ಶತಮಾನದ ಮುಖವನ್ನು ನೋಡಲು ಸಂಶೋಧಕರು ಮೇರಿಲ್ಯಾಂಡಿಗೆ ಹೋಗುವಂತಾದದ್ದು ಹೀಗೆ.

ಇತ್ತೀಚಿನ ದಶಕಗಳಲ್ಲಿ ವೈದ್ಯರು ಹೊಟ್ಟೆಯೊಳಗೆ ಇಳಿಸುವ ಎಂಡೋಸ್ಕೋಪನ್ನು ಮಾದರಿಗಳ ಫಿರಂಗಿ ಕಿಂಡಿಗಳಿಂದ ಒಳಗೆ ತೂರಿಸಿ ನೋಡಿದ್ದಾರೆ. ಹೊರಗಿನಿಂದ ಎಂದೂ ಕಾಣದ ಕೆಳ ಡೆಕ್ಕುಗಳಲ್ಲಿ ಕೋಣೆಯ ಗೋಡೆಗಳು, ಮೆಟ್ಟಿಲು, ಬಾಗಿಲು ಎಲ್ಲ ಸಿಕ್ಕಿವೆ. ನೋಡುವವನ ಕಣ್ಣಿಗಾಗಿಯೇ ಮಾದರಿ ಎಂಬ ವಾದ ಇಲ್ಲಿ ಸ್ವಲ್ಪ ತೊಡರುತ್ತದೆ. ಯಾವ ದೊರೆಯೂ ಆ ಕತ್ತಲೆಗೆ ಬಗ್ಗಿ ನೋಡುವಂತಿರಲಿಲ್ಲ. ಹೆಸರು ಉಳಿಯದ ಆ ಕುಶಲಕರ್ಮಿಗಳು ತಮ್ಮ ಹಟಕ್ಕೆ, ಅಥವಾ ಪಕ್ಕದ ಬೆಂಚಿನವನ ಕಣ್ಣಿಗೆ ಹೆದರಿ, ಇದನ್ನೆಲ್ಲ ಮಾಡಿರಬೇಕು.

ಹಾಯಿಹಡಗುಗಳ ಕಾಲ ಮುಗಿದ ಮೇಲೆ ಮಾದರಿ ಹವ್ಯಾಸಿಗಳ ಕೈಗೆ ಬಂತು. ಬ್ರಿಟನ್ನಿನ ನೆಪೀನ್ ಲಾಂಗ್‌ರಿಜ್ ‘ವಿಕ್ಟರಿ’ಯನ್ನು ಹಳೆಯ 48ರ ಅಳತೆಯಲ್ಲೇ ಕಟ್ಟಿ, ಕಟ್ಟಿದ ಬಗೆಯನ್ನು 1955ರಲ್ಲಿ ದಪ್ಪ ಪುಸ್ತಕವಾಗಿ ಬರೆದರು. ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್ ಬುದ್ರಿಯೊ 74 ಫಿರಂಗಿಗಳ ಹಡಗೊಂದನ್ನೇ ವಿವರಿಸಲು 1970ರ ದಶಕದಲ್ಲಿ ನಾಲ್ಕು ಸಂಪುಟ ತೆಗೆದುಕೊಂಡರು. ಈ ಹವ್ಯಾಸಿಗಳಿಗೆ ಮೆಚ್ಚಿಸಬೇಕಾದ ದೊರೆಯಿಲ್ಲ, ಬದಲಿಗೆ ಪ್ರತಿ ಮೊಳೆಯನ್ನೂ ಎಣಿಸುವ ಸಹ ಹವ್ಯಾಸಿಗಳಿದ್ದಾರೆ. ಪೇರಿನ ಮರವೂ ಬಾಕ್ಸ್‌ವುಡ್ಡೂ ಅವರಿಗೂ ಅಚ್ಚುಮೆಚ್ಚು.

ಅವರಿಗೆ ಹಳಬರಿಂದ ಬಂದ ಒಂದು ತಲೆನೋವೂ ಇದೆ, ಸೀಸ. ಲಂಗರು, ಫಿರಂಗಿ, ಪುಟ್ಟ ಅಲಂಕಾರಗಳನ್ನು ಸೀಸದಲ್ಲಿ ಎರಕ ಹೊಯ್ಯುವುದು ಸುಲಭ. ಆದರೆ ಮಾದರಿಯನ್ನು ಗಾಳಿಯಾಡದ ಓಕ್ ಪೆಟ್ಟಿಗೆಯಲ್ಲಿಟ್ಟರೆ ಆ ಮರದಿಂದ ಹೊರಡುವ ಆಮ್ಲದ ಆವಿಗೆ ಸೀಸ ಬೂದಿಯಂತಹ ಬಿಳಿಪುಡಿಯಾಗಿ ಉದುರಿಹೋಗುತ್ತದೆ. ಕಾಪಾಡಲೆಂದು ಮಾಡಿಸಿದ ಪೆಟ್ಟಿಗೆಯೇ ತಿಂದುಹಾಕಿದ ಮಾದರಿಗಳು ಸಂಗ್ರಹಾಲಯಗಳಲ್ಲಿ ಎಷ್ಟೋ ಇವೆ. ಅಮೆರಿಕದ ನೌಕಾಪಡೆ ಈಗ ತನಗಾಗಿ ಮಾದರಿ ಮಾಡುವವರಿಗೆ ಕೊಡುವ ಷರತ್ತುಗಳಲ್ಲಿ ಸೀಸ ಬಳಸಬಾರದು ಎಂಬುದೂ ಒಂದು. ನೂರು ವರ್ಷ ದುರಸ್ತಿಯಿಲ್ಲದೆ ನಿಲ್ಲಬೇಕು ಎಂಬುದು ಇನ್ನೊಂದು.